ಎಕ್ಸಾಸ್ಟ್ ಫ್ಯಾನ್‌ಗೆ ‘ರೇಚಕ’ ಅಂದರೆ ಆದೀತೇ?

ಶಿರಸಿಯ ನಮ್ಮ ಮನೆಯಲ್ಲಿ ಆಯಿಗೆ ಮಾಳಿಗೆ ಹತ್ತಲಾಗದೆಂದು ಮೆಟ್ಟಿಲಡಿಯ ಜಾಗದಲ್ಲೇ ಶೌಚಾಲಯ ಮಾಡಿಸಿದೆವು. 4 ಅಡಿ ಅಗಲ, 6 ಅಡಿ ಉದ್ದ, ಕಿಟಕಿಗೆ ಜಾಗವೇ ಇಲ್ಲ. ಮೊದಲ ಮಳೆಗಾಲಕ್ಕೇ ಗೋಡೆಯೆಲ್ಲ ಬೂಸಲು, ಬಾಗಿಲು ತೆಗೆದರೆ ಮುಗ್ಗುವಾಸನೆ. ಕೊನೆಗೆ ಗೋಡೆ ಕೊರೆಸಿ 6 ಇಂಚಿನ ಎಕ್ಸಾಸ್ಟ್ ಫ್ಯಾನ್ ಕೂರಿಸಿದೆವು. ಎರಚಲು ಒಳಗೆ ಬರದ ಹಾಗೆ ಹೊರಬದಿಗೆ ಮುಚ್ಚಳ, ಪೈಪಿಗೆ ಹೊರಕ್ಕೆ ತುಸು ಇಳಿಜಾರು.

ಈಗ ಸ್ವಿಚ್‌ಬೋರ್ಡಿನಲ್ಲಿ ಮೂರು ಒಂದೇ ಥರದ ಸ್ವಿಚ್ಚು. ಆಯಿ ದಿನಾ ತಪ್ಪು ಒತ್ತುತ್ತಾಳೆ. ಕನ್ನಡದಲ್ಲಿ ಚೀಟಿ ಅಂಟಿಸೋಣವೆಂದು ಹೊರಟವನಿಗೆ ಪದವೇ ಸಿಗಲಿಲ್ಲ.

ಪಠ್ಯಪುಸ್ತಕದ ‘ನಿಷ್ಕಾಸ’ ಬಾಯಿಗೆ ಬರುವುದಿಲ್ಲ. ‘ಗವಾಕ್ಷಿ’, ‘ಬೆಳಕಿಂಡಿ’ ಚೆಂದವೇ, ಆದರೆ ಅವು ಬರೀ ಕಿಂಡಿಗಳು, ಕೆಲಸ ಮಾಡುವುದಿಲ್ಲ. ‘ಬೀಸಣಿಗೆ’ ಎಂದರೆ ಗಾಳಿಯನ್ನು ನಮ್ಮತ್ತ ಬೀಸುವಂಥದು, ಇದರ ಸ್ವಭಾವ ಅದಕ್ಕೆ ತದ್ವಿರುದ್ಧ.

ಆಗ ಹೊಳೆದದ್ದು ‘ರೇಚಕ’. ಪ್ರಾಣಾಯಾಮದಲ್ಲಿ ಉಸಿರು ಹೊರಬಿಡುವುದು ರೇಚಕ, ಒಳಗೆಳೆಯುವುದು ಪೂರಕ, ಹಿಡಿದಿಡುವುದು ಕುಂಭಕ. ಮೂಲ ಸಂಸ್ಕೃತದ ‘ರಿಚ್’ ಧಾತು, ಬರಿದು ಮಾಡು ಎಂದರ್ಥ; ‘ರಿಕ್ತ’ವೂ ಅದರದೇ ಕೂಸು. ಕೋಣೆಯ ಗಾಳಿ ಬರಿದು ಮಾಡುವ ಯಂತ್ರಕ್ಕೆ ಇದಕ್ಕಿಂತ ಒಪ್ಪುವ ಪದ ಬೇಕೆ?

ಅದೂ ಅಲ್ಲದೆ, ಈ ಹೋಲಿಕೆ ಒಂದು ರಿಪೇರಿಯನ್ನೂ ಮಾಡಿಕೊಟ್ಟಿತು. ಫ್ಯಾನು ಗುಂಯ್‌ಗುಡುತ್ತಿದ್ದರೂ ವಾಸನೆ ಹೋಗಿರಲಿಲ್ಲ. ಒಳಗಿನ ಗಾಳಿ ಸುಮಾರು 168 ಘನ ಅಡಿ, ಗಂಟೆಗೆ ಹತ್ತು ಸಲ ಬದಲಾಗಬೇಕೆಂದರೂ 1,680 ಘನ ಅಡಿ. ಅಷ್ಟು ಹೊರಹೋಗಬೇಕಾದರೆ ಅಷ್ಟೇ ಒಳಬರಬೇಕಲ್ಲ? ನಮ್ಮ ಬಾಗಿಲು ನೆಲಕ್ಕೆ ತಾಗುವಷ್ಟು ಬಿಗಿ. ಪೂರಕವಿಲ್ಲದೆ ರೇಚಕ ಎಲ್ಲಿಂದ? ಬರೀ ಕುಂಭಕ! ಬಡಗಿಯನ್ನು ಕರೆಸಿ ಬಾಗಿಲ ಬುಡ ಮುಕ್ಕಾಲು ಇಂಚು ಕೊಯ್ಯಿಸಿದೆ. ಆ ಸಂದಿನಲ್ಲಿ ಊದಿನಕಡ್ಡಿ ಹಿಡಿದರೆ ಈಗ ಹೊಗೆ ಮೇಲಕ್ಕೇಳದೆ ಬಳುಕಿ ಸರ್ರನೆ ಒಳಗೆ ನುಗ್ಗುತ್ತದೆ.

ತೊಡಕು ಒಂದೇ. ಆಯುರ್ವೇದದಲ್ಲಿ ರೇಚಕ ಎಂದರೆ ಭೇದಿಯ ಔಷಧ. ಶೌಚಾಲಯದ ಬಾಗಿಲ ಪಕ್ಕ ‘ರೇಚಕ’ ಎಂದು ಬರೆದಿದ್ದನ್ನು ಕಂಡು ನಮ್ಮ ಭಾವ ಚಾಪೆ ಮೇಲೆ ಬಿದ್ದು ನಕ್ಕ.

ಆಯಿ ಮಾತ್ರ ಮೊದಲ ದಿನವೇ ಹೆಸರಿಟ್ಟುಬಿಟ್ಟಿದ್ದಳು: “ತಮಾ, ಗಾಳಿ ಎಳ್ಯ ಫ್ಯಾನು ಬಂದ್ ಮಾಡಿದ್ಯನಾ?” ಎಳೆಯುವುದು ಸರಿಯೇ? ಒಳಗೆ ಕೂತವರಿಗೆ ಅದು ಎಳೆಯುತ್ತದೆ, ಹಿತ್ತಿಲಲ್ಲಿ ನಿಂತವರ ಮುಖಕ್ಕೆ ಊದುತ್ತದೆ. ಪದ ಯಾರ ಕಡೆಯಿಂದ ಹುಟ್ಟಬೇಕು? ಕಾರವಾರ, ಅಂಕೋಲೆ, ಕುಮಟೆ ಕಡೆಯ ಮನೆಗಳಲ್ಲಿ ಇದಕ್ಕೆ ಏನನ್ನುತ್ತಾರೆ, ಬಲ್ಲವರು ತಿಳಿಸಿ. ‘ರೇಚಕ’ದ ಚೀಟಿ ಕಿತ್ತೆ, ಹೊಸ ಚೀಟಿ ಇನ್ನೂ ಖಾಲಿಯೇ ಇದೆ.