ಡೈರಿ ವಾರ್ಷಿಕ ಸಭೇಲಿ ಪಿಪಿಟಿ ತೋರಿಸ್ಬೇಕಂತೆ, ಗೊತ್ತಿರೋರು ಸ್ವಲ್ಪ ಹೇಳಿ

ಡೈರಿ_ಸೆಕ್ರೆಟ್ರಿ:

ಎಲ್ರಿಗೂ ನಮಸ್ಕಾರ. ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ ಡೈರೀಲಿ ಸೆಕ್ರೆಟ್ರಿ ನಾನು. ಹಾಲು ಅಳೆಯೋದು, ಫ್ಯಾಟು, ಎಸ್‌ಎನ್‌ಎಫ್ (ಹಾಲಲ್ಲಿ ಕೊಬ್ಬು ಬಿಟ್ಟು ಉಳಿಯೋ ಗಟ್ಟಿ ಅಂಶ) ನೋಡೋದು, ಚೀಟಿ ಕೊಡೋದು ಎಲ್ಲಾ ಕಂಪ್ಯೂಟರಲ್ಲೇ ಆಗೋದು, ಹಂಗಾಗಿ ಕಂಪ್ಯೂಟರ್ ಅಂದ್ರೆ ಭಯ ಅಂತೇನಿಲ್ಲ, ಆದ್ರೆ ಆ ಒಂದ್ ಸಾಫ್ಟ್‌ವೇರ್ ಬಿಟ್ರೆ ಇನ್ನೊಂದು ಮುಟ್ಟಿದೋನಲ್ಲ. ಈಗ ಹೊಸ ಅಧ್ಯಕ್ಷರು ಬಂದವ್ರೆ, ಈ ಸಲ ಸಭೇಲಿ ಜಮಾ ಖರ್ಚು ಪುಸ್ತಕ ಹಿಡ್ಕೊಂಡು ಓದೋದು ಬ್ಯಾಡ, ಪ್ರೊಜೆಕ್ಟರ್ ತರಿಸ್ತೀನಿ, ಪಿಪಿಟಿ ಮಾಡಿ ತೋರ್ಸು ಅಂತ ಪಟ್ಟು ಹಿಡ್ದವ್ರೆ.

ಅಕ್ಕನ ಮಗ ಡಿಗ್ರಿ ಓದ್ತಾವ್ನೆ, ಅವನ ಕೈಲಿ ಮಾಡ್ಸಿದೀನಿ. 38 ಸ್ಲೈಡ್ ಆಗೈತೆ. ಆಡಿಟ್ ರಿಪೋರ್ಟಲ್ಲಿರೋ ಟೇಬಲ್ಲೆಲ್ಲ ಇದ್ದಂಗೇ ತಂದು ಅಂಟಿಸವ್ನೆ, ಹಿಂದೆ ನೀಲಿ ಬಣ್ಣ, ಅದರ ಮೇಲೆ ಕೆಂಪಕ್ಷರ, ಒಂದೊಂದ್ ಸಾಲೂ ಎಡಗಡೆಯಿಂದ ತೇಲ್ಕೊಂಡು ಬರ್ತದೆ. ಜೋರಾಗೇನೋ ಐತೆ ಆದ್ರೆ ನಂಗೇ ಅದರಲ್ಲಿ ಏನೈತೆ ಅಂತ ಹುಡ್ಕಂಗಾಗದೆ. ಇನ್ನೊಂದು ತಲೆನೋವು ಏನಂದ್ರೆ, ಡೈರಿ ಕಂಪ್ಯೂಟರಲ್ಲಿ ಕನ್ನಡ ಸರಿಯಾಗಿ ಕಾಣ್ತದೆ, ಅದನ್ನೇ ಪೆನ್‌ಡ್ರೈವಲ್ಲಿ ತಗೊಂಡೋಗಿ ಅಧ್ಯಕ್ಷರ ಲ್ಯಾಪ್‌ಟಾಪಲ್ಲಿ ತೆಗೆದ್ರೆ ಒಂದಕ್ಷರ ಕನ್ನಡ ಇಲ್ಲ, ಇಂಗ್ಲಿಷ್ ಅಕ್ಷರದ ತಲೆ ಮೇಲೆಲ್ಲ ಚುಕ್ಕಿ ಗೆರೆ ಬಂದು ಕೂತದೆ. ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಲ್ಲಿ ಟೈಪ್ ಮಾಡಿದ್ದು.

ಸಭೆ ಸಮುದಾಯ ಭವನದಲ್ಲಿ, ಹಗಲು 11ಕ್ಕೆ. ಇನ್ನೂರು ಜನ ಬರಬಹುದು, ವಯಸ್ಸಾದೋರು ಜಾಸ್ತಿ, ಓದೋಕೆ ಬರ್ದೇ ಇರೋರೂ ಅವ್ರೆ. ಅರ್ಧ ಗಂಟೆ ಟೈಮ್ ಕೊಟ್ಟವ್ರೆ. ಎಲ್ಲಿಂದ ಸರಿ ಮಾಡ್ಕೊಂಡು ಬರ್ಲಿ?

ಸಿಸ್ಟಮ್_ಸರ್ವಿಸ್_ಮೈಸೂರು:

ಸಾರ್ ಮೊದ್ಲು ಕನ್ನಡದ್ದು ಹೇಳ್ಬಿಡ್ತೀನಿ, ಏನಿಲ್ಲ ಅಂದ್ರೂ ನಮ್ಮಂಗಡಿಗೆ ಬರೋರಲ್ಲಿ ಸುಮಾರು ಜನ ಇದೇ ಕಂಪ್ಲೇಂಟ್ ತರೋದು. ನಿಮ್ ಹುಡುಗ ನುಡಿಯ ಹಳೇ ಆಸ್ಕಿ ಫಾಂಟಲ್ಲಿ ಟೈಪ್ ಮಾಡಿದಾನೆ. ಅದ್ರಲ್ಲಿ ಫೈಲ್ ಒಳಗಡೆ ಇರೋದು ಕನ್ನಡ ಅಲ್ಲವೇ ಅಲ್ಲ, ಇಂಗ್ಲಿಷ್ ಅಕ್ಷರಗಳ ಕೋಡೇ, ಆ ಫಾಂಟು ಅದರ ಮೇಲೆ ಕನ್ನಡದ ಚಿತ್ರ ತೋರಿಸ್ತಿರತ್ತೆ ಅಷ್ಟೇ. ಫಾಂಟ್ ಇಲ್ಲದ ಸಿಸ್ಟಮ್‌ಗೆ ಹೋದ ತಕ್ಷಣ ಒಳಗಿರೋದು ಬಯಲಿಗೆ ಬರತ್ತೆ. ಯೂನಿಕೋಡಲ್ಲಿ ಟೈಪ್ ಮಾಡಿದ್ರೆ ಈ ರಗಳೆ ಇಲ್ಲ, ಕನ್ನಡದ ಒಂದೊಂದು ಅಕ್ಷರಕ್ಕೂ ಅದರದ್ದೇ ಕೋಡ್ ಇರತ್ತೆ, ವಿಂಡೋಸ್ 8 ಆದ್ಮೇಲಿನ ಎಲ್ಲಾ ವಿಂಡೋಸಲ್ಲೂ ನಿರ್ಮಲಾ ಯುಐ ಅಂತ ಫಾಂಟ್ ಜೊತೇಲೇ ಬರತ್ತೆ, ಅದ್ರಲ್ಲಿ ಕನ್ನಡ ಇದೆ.

ನುಡೀಲೇ ಯೂನಿಕೋಡ್ ಆಯ್ಕೆ ಇದೆ, ಕೀಬೋರ್ಡ್ ಅದೇ ಕೆ.ಪಿ. ರಾವ್ ವಿನ್ಯಾಸ, ಹೊಸದಾಗಿ ಕಲಿಯೋದು ಏನಿಲ್ಲ. ಅದೂ ಬೇಡ ಅಂದ್ರೆ ವಿಂಡೋಸ್ ಸೆಟ್ಟಿಂಗ್ಸಲ್ಲಿ ಲ್ಯಾಂಗ್ವೇಜ್‌ಗೆ ಹೋಗಿ ಕನ್ನಡ ಸೇರಿಸ್ಕೊಳಿ, ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದ್ರೆ ಕನ್ನಡ ಇಂಗ್ಲಿಷ್ ಬದಲಾಗತ್ತೆ. ಆಗ್ಲೇ ಟೈಪ್ ಆಗಿರೋದಕ್ಕೆ ಕನ್ವರ್ಟರ್ ಸಿಗತ್ತೆ, ಆದ್ರೆ ಅರ್ಕಾವತ್ತು ಒತ್ತಕ್ಷರ ಒಂದೊಂದ್ ಕಡೆ ಎಡವಟ್ಟಾಗತ್ತೆ, ಕಣ್ಣಾಡಿಸಲೇಬೇಕು. 38 ಸ್ಲೈಡ್ ಕನ್ವರ್ಟ್ ಮಾಡ್ತಾ ಕೂರಬೇಡಿ ದಯವಿಟ್ಟು, ಯಾವುದು ಉಳೀಬೇಕು ಅಂತ ಮೊದ್ಲು ನೋಡ್ಕೊಳಿ.

ಎಲ್ಲ ಮುಗಿದ್ಮೇಲೆ ಸೇವ್ ಆ್ಯಸ್‌ಗೆ ಹೋಗಿ ಪಿಡಿಎಫ್ ಒಂದು ಮಾಡಿಟ್ಕೊಳಿ. ಪವರ್‌ಪಾಯಿಂಟ್ ಕೈ ಕೊಟ್ರೂ ಪಿಡಿಎಫ್ ಯಾವ ಸಿಸ್ಟಮಲ್ಲಾದ್ರೂ ತೆಗೆಯತ್ತೆ, ಫಾಂಟ್ ಅದರೊಳಗೇ ಇರತ್ತೆ. ಇನ್ನೊಂದು, ಪೆನ್‌ಡ್ರೈವ್‌ಗೆ ಹಾಕುವಾಗ ಡೆಸ್ಕ್‌ಟಾಪಲ್ಲಿರೋ ಶಾರ್ಟ್‌ಕಟ್ ಕಾಪಿ ಮಾಡ್ಕೊಂಡು ಹೋಗೋರನ್ನ ದಿನಾ ನೋಡ್ತೀನಿ, ಐಕಾನ್ ಮೂಲೇಲಿ ಸಣ್ಣ ಬಾಣದ ಗುರುತಿದ್ರೆ ಅದು ಫೈಲ್ ಅಲ್ಲ, ಫೈಲಿಗೆ ದಾರಿ. ಸೈಜ್ ನೋಡಿ, ಒಂದೆರಡು ಕೆಬಿ ಇದ್ರೆ ಖಾಲಿ ಕೈಲಿ ಹೋಗ್ತಿದೀರ ಅಂತರ್ಥ 😀

ನಿವೃತ್ತ_ಮೇಷ್ಟ್ರು_ಮಂಡ್ಯ:

ಮೇಲಿನವರು ಯಂತ್ರದ ವಿಷಯ ಚೆನ್ನಾಗಿ ಹೇಳಿದ್ದಾರೆ, ನಾನು ಒಳಗಿನ ಸರಕಿನ ಬಗ್ಗೆ ಹೇಳ್ತೀನಿ. ಪವರ್‌ಪಾಯಿಂಟ್ 1987ರಲ್ಲಿ ಮೊದಲು ಬಂದಾಗ ಅದು ಮ್ಯಾಕಿಂಟಾಶ್ ಕಂಪ್ಯೂಟರಿಗೆ ಮಾತ್ರ, ಅದೂ ಕಪ್ಪುಬಿಳುಪು, ಓಎಚ್‌ಪಿ ಅಂತ ಗೋಡೆ ಮೇಲೆ ಬೆಳಕು ಬಿಟ್ಟು ತೋರಿಸೋ ಹಳೇ ಯಂತ್ರದ ಮೇಲೆ ಇಡೋ ಪಾರದರ್ಶಕ ಹಾಳೆಗಳನ್ನ ತಯಾರು ಮಾಡೋಕೆ ಅಂತ ಇದ್ದದ್ದು. ನಮಗೆ ತರಬೇತೀಲಿ ಆ ಹಾಳೆ ಎಣಿಸಿ ಕೊಡೋರು, ಸ್ಕೆಚ್ ಪೆನ್ನಲ್ಲಿ ಬರೀಬೇಕಾಗಿತ್ತು, ಅದಕ್ಕೇ ಮನುಷ್ಯ ನಾಲ್ಕು ಮಾತು ಯೋಚನೆ ಮಾಡಿ ಬರೀತಿದ್ದ. ಈಗ ಸ್ಲೈಡಿಗೆ ದುಡ್ಡಿಲ್ಲ ನೋಡಿ, ಆಡಿಟ್ ರಿಪೋರ್ಟ್ ಪೂರ್ತಿ ಗೋಡೆ ಮೇಲೆ ಬರ್ತದೆ.

ನಿಮ್ಮ ಕೆಲಸ ಇಷ್ಟೇ, ಒಂದು ಸ್ಲೈಡಿಗೆ ಒಂದೇ ವಿಷಯ. ಹೋದ ವರ್ಷ ಎಷ್ಟು ಲೀಟರ್ ಹಾಲು ಬಂತು, ಈ ವರ್ಷ ಎಷ್ಟು, ಮುಗೀತು, ಮುಂದಿನ ಸ್ಲೈಡು. ಟೇಬಲ್ ಬೇಕೋರಿಗೆ ಪ್ರಿಂಟ್ ಹಾಕ್ಸಿ ಕೈಗೆ ಕೊಡಿ, ಅದು ಓದೋ ವಸ್ತು, ಪರದೆ ನೋಡೋ ವಸ್ತು. ಅಕ್ಷರ 30 ಪಾಯಿಂಟಿಗಿಂತ ಕಮ್ಮಿ ಇಡಬೇಡಿ, ನಿಮ್ಮ ಸಭೆಗೆ 36 ಇಟ್ಟರೂ ಸೈ. ಕನ್ನಡಕ್ಕೆ ಇಂಗ್ಲಿಷಿಗಿಂತ ಜಾಗ ಜಾಸ್ತಿ ಬೇಕು, ಕೆಳಗೆ ಒತ್ತು ಬರುತ್ತಲ್ಲ, ಸಾಲು ಹತ್ತಿರ ಇದ್ರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗುಲಿ ಎರಡೂ ಕಲಸಿಹೋಗ್ತವೆ. ಲೈನ್ ಸ್ಪೇಸಿಂಗ್ 1.2 ಮಾಡಿ ನೋಡಿ. ಬೋಲ್ಡ್ ಕೂಡ ತಲೆಬರಹಕ್ಕೆ ಮಾತ್ರ, ಸಣ್ಣ ಅಕ್ಷರ ಬೋಲ್ಡ್ ಮಾಡಿದ್ರೆ ದೂರದಿಂದ ಕ, ಶ ಯಾವುದೂ ಗೊತ್ತಾಗಲ್ಲ, ಮಸಿ ಬಿದ್ದಂಗಿರ್ತದೆ.

ನೀಲಿ ಮೇಲೆ ಕೆಂಪು ತೆಗೀರಿ ಇವತ್ತೇ. ಹಗಲು ಹೊತ್ತು, ಭವನದ ಕಿಟಕಿಗೆ ಪರದೆ ಇರೋದು ಅನುಮಾನ, ಬಿಳೀ ಹಿನ್ನೆಲೆ ಕಪ್ಪಕ್ಷರ ಮಾತ್ರ ನಿಲ್ಲೋದು. ತೇಲ್ಕೊಂಡು ಬರೋದೆಲ್ಲ ತೆಗೀರಿ. ಮತ್ತೆ ಪರದೆ ಕಡೆ ತಿರುಗಿ ಬೆನ್ನು ತೋರಿಸಿ ಓದಬೇಡಿ, ಸ್ಲೈಡಲ್ಲಿರೋದನ್ನೇ ಓದೋದಾದ್ರೆ ನೀವು ಯಾಕೆ ಬೇಕು?

ಎರಡ್_ಹಸು_ಒಂದ್_ಕರ:

ಮೇಷ್ಟ್ರೇ ಬೇಜಾರ್ ಮಾಡ್ಕಬೇಡಿ, ಕೊನೇ ಮಾತು ನಾನು ಒಪ್ಪಲ್ಲ. ನಾನು ಮದ್ದೂರು ಕಡೆ, ಡೈರಿಗೆ ಹಾಲು ಹಾಕೋಳು, ಸಭೇಲಿ ಕೆಳಗೆ ಕೂತ್ಕೊಳ್ಳೋಳು. ಆ ಓದಬೇಡಿ ಅನ್ನೋದು ಓದೋಕೆ ಬರೋರು ಕೂತಿರೋ ಆಫೀಸಿಗೆ ಸರಿ. ನಮ್ಮತ್ತೆಗೆ ಅಂಕಿ ಗೊತ್ತಾಗ್ತದೆ, ಅಕ್ಷರ ಬರಲ್ಲ, ಅಂಥೋರು ಪ್ರತಿ ಸಭೇಲೂ ಅವ್ರೆ. ಸೆಕ್ರೆಟ್ರಿ ಬಾಯಿಬಿಟ್ಟು ಹೇಳ್ದೇ ಇದ್ರೆ ಗೋಡೆ ಮೇಲಿರೋದು ಅವರಿಗೆ ಏನು ಲೆಕ್ಕ? ಓದಿ, ಪ್ರತಿ ಅಂಕಿನೂ ಜೋರಾಗಿ ಓದಿ, ಬೆರಳಿಟ್ಟು ತೋರಿಸಿ ಓದಿ, ಆಮೇಲೆ ಅದ್ಯಾಕೆ ಹಂಗಾಯ್ತು ಅಂತ ಮಾತಲ್ಲಿ ಹೇಳಿ. ಸ್ಲೈಡಲ್ಲಿ ಕಮ್ಮಿ ಇರ್ಲಿ ಅನ್ನೋದು ಮಾತ್ರ ನಾನೂ ಒಪ್ತೀನಿ, ಕಮ್ಮಿ ಇದ್ರೆ ಓದಿದ್ರೂ ಬೇಜಾರಾಗಲ್ಲ.

ಇನ್ನು ಜನಕ್ಕೆ ಏನು ಬೇಕು ಅಂತ ಕೇಳಿ. ಜಮಾ ಎಷ್ಟು ಖರ್ಚೆಷ್ಟು ಲಕ್ಷದ ಲೆಕ್ಕ ಯಾರ ತಲೇಲೂ ನಿಲ್ಲಲ್ಲ. ಸಂಘಕ್ಕೆ 100 ರೂಪಾಯಿ ಬಂತು ಅನ್ಕೊಳಿ, ಅದರಲ್ಲಿ ಹಾಲು ಹಾಕಿದೋರ ಕೈಗೆ ಎಷ್ಟು ಹೋಯ್ತು, ಸಂಬಳಕ್ಕೆ ಎಷ್ಟು, ಕರೆಂಟು ರಿಪೇರಿಗೆ ಎಷ್ಟು, ಉಳಿದಿದ್ದೆಷ್ಟು, ಉಳಿದದ್ದರಲ್ಲಿ ಬೋನಸ್ ಎಷ್ಟು. ಒಂದು ನೂರರ ನೋಟಿನ ಉದ್ದಕ್ಕೆ ಪಟ್ಟಿ ಎಳೆದು ಬಣ್ಣ ಬಣ್ಣ ತುಂಡು ಮಾಡಿ ತೋರಿಸಿ, ತುಂಡಿನ ಮೇಲೆ ಅಂಕಿ ದಪ್ಪಕ್ಕೆ ಬರೀರಿ. ಅದೊಂದು ಸ್ಲೈಡ್ ಹತ್ತು ನಿಮಿಷ ನಿಂತರೂ ಯಾರೂ ಎದ್ದೋಗಲ್ಲ, ನೋಡ್ತಿರಿ.

ಆಮೇಲೆ ನಮ್ಮ ಜನಕ್ಕೆ ಒಂದು ಅನುಮಾನ ಇದ್ದೇ ಇರ್ತದೆ, ಪುಸ್ತಕ ಎಲ್ಲಿ, ಬೆಳಕು ಬಿಟ್ಟು ಕಣ್ಕಟ್ಟು ಮಾಡ್ತಾವ್ರೆ ಅಂತ. ಪುಸ್ತಕ ಮೇಜಿನ ಮೇಲೆ ಎದುರಿಗೇ ಇರ್ಲಿ.

ಡೈರಿ_ಸೆಕ್ರೆಟ್ರಿ:

ಅಕ್ಕ ನೂರು ರೂಪಾಯಿದು ಬಾಳ ಚೆನ್ನಾಗೈತೆ, ಹೊಳೆದೇ ಇರ್ಲಿಲ್ಲ. ಮೇಷ್ಟ್ರೇ ನೀವು ಹೇಳಿದಂಗೆ ಎಲ್ಲಾ ಕಿತ್ತಾಕಿ ಎಂಟು ಸ್ಲೈಡಿಗೆ ಇಳಿಸಿದೀನಿ, ಅಕ್ಕನ ಮಗನಿಗೆ ಸ್ವಲ್ಪ ಮುಖ ದಪ್ಪ ಆಗೈತೆ, ಆಗ್ಲಿ. ಯೂನಿಕೋಡಲ್ಲಿ ಹೊಸದಾಗೇ ಟೈಪ್ ಮಾಡ್ದೆ, ಅಧ್ಯಕ್ಷರ ಲ್ಯಾಪ್‌ಟಾಪಲ್ಲಿ ಕನ್ನಡ ಕಾಣ್ತು!

ಈಗ ಒಂದು ಹೊಸ ಅನುಮಾನ. ಎರಡು ವರ್ಷದ ಹಾಲಿಂದು ಎಕ್ಸೆಲಲ್ಲಿ ಚಾರ್ಟ್ ಹಾಕ್ದೆ. ಈ ವರ್ಷ ಹಾಲು ಕಡಿಮೆ ಆಗಿರೋದು ನಿಜ, ಬರೀ ಒಂಚೂರು, ಆದ್ರೆ ಚಾರ್ಟಲ್ಲಿ ಹೋದ ವರ್ಷದ ಕಂಬ ಎತ್ತರಕ್ಕೆ ನಿಂತದೆ ಈ ವರ್ಷದ್ದು ಅರ್ಧಕ್ಕೆ ಇಳಿದಂಗೆ ಕಾಣ್ತದೆ. ಇದನ್ನ ತೋರಿಸಿದ್ರೆ ಸಭೇಲಿ ನನ್ನ ಕತೆ ಮುಗೀತು. ಅಂಕಿ ಎಲ್ಲ ಸರಿಯಾಗೇ ಹಾಕಿದೀನಿ.

ನಿವೃತ್ತ_ಮೇಷ್ಟ್ರು_ಮಂಡ್ಯ:

ತಂಗಿ ಹೇಳಿದ್ದು ಸರಿ, ನಾನು ಹೇಳಿದ್ದು ಕ್ಲಾಸ್‌ರೂಮಿನ ಮಾತು, ನಿಮ್ಮ ಸಭೆಗೆ ಓದೋದೇ ಸರಿ.

ಚಾರ್ಟಿಗೆ ಬರೋಣ. ಎಡಗಡೆ ಇರೋ ಅಳತೆ ಗೆರೆ ನೋಡಿ, ಅದು ಸೊನ್ನೆಯಿಂದ ಶುರುವಾಗಿಲ್ಲ ಅಲ್ವಾ? ಅಂಕಿಗಳ ನಡುವೆ ವ್ಯತ್ಯಾಸ ಕಮ್ಮಿ ಇದ್ದಾಗ ಎಕ್ಸೆಲ್ ತಾನೇ ಬುದ್ಧಿ ಉಪಯೋಗಿಸಿ ಕೆಳಗಿನ ಭಾಗ ಕತ್ತರಿಸಿ ಮೇಲಿನದಷ್ಟೇ ದೊಡ್ಡದಾಗಿ ತೋರಿಸ್ತದೆ. ಆ ಗೆರೆ ಮೇಲೆ ರೈಟ್ ಕ್ಲಿಕ್ ಮಾಡಿ ಫಾರ್ಮ್ಯಾಟ್ ಆ್ಯಕ್ಸಿಸ್, ಅದರಲ್ಲಿ ಮಿನಿಮಮ್ ಅಂತ ಇರೋ ಕಡೆ 0 ಹಾಕಿ, ಕಂಬಗಳು ನಿಜವಾದ ಎತ್ತರಕ್ಕೆ ಬರ್ತವೆ. ಹಾಲು ಜಾಸ್ತಿ ಆಗಿದ್ದ ವರ್ಷವೂ ಹೀಗೇ ಸೊನ್ನೆಯಿಂದಲೇ ತೋರಿಸಿ ಮತ್ತೆ, ಇಳಿದಾಗ ಮಾತ್ರ ಸರಿ ಮಾಡೋದಲ್ಲ. ತ್ರೀಡಿ ಕಂಬ ಹಾಕಬೇಡಿ, ಯಾವುದು ಎತ್ತರ ಅಂತ ಎದುರು ಕೂತೋರಿಗೆ ತಿಳಿಯಲ್ಲ.

ಬಿಸಿಎ_ಹುಡ್ಗಿ_ಮೈಸೂರು:

ಅಂಕಲ್ ಇಷ್ಟೆಲ್ಲ ಯಾಕೆ, ಕ್ಯಾನ್ವಾ ಅನ್ನೋ ಡಿಸೈನ್ ವೆಬ್‌ಸೈಟಲ್ಲಿ ರೆಡಿ ಟೆಂಪ್ಲೇಟ್ ಇರತ್ತೆ, ಇಲ್ಲಾ ಎಐಗೆ ಹೇಳಿದ್ರೆ ಅದೇ ಮಾಡ್ಕೊಡತ್ತೆ, ಐದೇ ನಿಮಿಷ. ನಮ್ ಕಾಲೇಜ್ ಸೆಮಿನಾರ್ ಎಲ್ಲಾ ಹಂಗೇ ನಡಿಯೋದು.

ಸಿಸ್ಟಮ್_ಸರ್ವಿಸ್_ಮೈಸೂರು:

ಟೆಂಪ್ಲೇಟ್ ಓಕೆ ಮೇಡಂ, ಆದ್ರೆ ಸಂಘದ ದುಡ್ಡಿನ ಲೆಕ್ಕ ಎಐ ಕೈಲಿ ಬರೆಸೋದು ಬೇಡ, ಅಂಕಿ ತಪ್ಪು ಬಂದ್ರೂ ಅದು ನೀಟಾಗೇ ಬರ್ದಿರತ್ತೆ, ಬೈಸ್ಕೊಳ್ಳೋದು ಸೆಕ್ರೆಟ್ರಿ. ಬ್ರೌಸರಲ್ಲೇ ತೋರಿಸ್ತೀನಿ ಅಂತ ಹೊರಟ್ರೆ ಭವನದಲ್ಲಿ ನೆಟ್ ಸಿಗತ್ತೋ ಇಲ್ವೋ. ಏನೇ ಆದ್ರೂ ಡೌನ್‌ಲೋಡ್ ಮಾಡಿ ಸಿಸ್ಟಮಲ್ಲಿ ಇಟ್ಕೊಳಿ.

ಸೆಕ್ರೆಟ್ರಿ ಸಾರ್, ಹಿಂದಿನ ದಿನ ಹೋಗಿ ಒಂದು ಸಲ ಜೋಡಿಸಿ ನೋಡಿ. ಹಳೇ ಪ್ರೊಜೆಕ್ಟರಲ್ಲಿ ವಿಜಿಎ ಅಂತ ನೀಲಿ ಪಿನ್ನಿನ ಕೇಬಲ್ ಇರತ್ತೆ, ಈಗಿನ ಲ್ಯಾಪ್‌ಟಾಪಲ್ಲಿ ಹೆಚ್ಚಾಗಿ ಎಚ್‌ಡಿಎಂಐ ಕಿಂಡಿ ಇರತ್ತೆ, ಮಧ್ಯಕ್ಕೆ ಕನ್ವರ್ಟರ್ ಬೇಕು, ಬಾಡಿಗೆ ಕೊಡೋನಿಗೆ ಮೊದ್ಲೇ ಕೇಳಿ. ಜೋಡಿಸಿದ್ಮೇಲೂ ಪರದೇಲಿ ಏನೂ ಬರ್ದಿದ್ರೆ ವಿಂಡೋಸ್ ಕೀ ಜೊತೆ ಪಿ ಒತ್ತಿ ಡುಪ್ಲಿಕೇಟ್ ಆರಿಸಿ. ಎಫ್5 ಒತ್ತಿದ್ರೆ ಮೊದಲನೇ ಸ್ಲೈಡಿಂದ ಶುರು, ಶಿಫ್ಟ್ ಹಿಡಿದು ಎಫ್5 ಒತ್ತಿದ್ರೆ ಈಗಿರೋ ಸ್ಲೈಡಿಂದ. ಯಾರಾದ್ರೂ ಎದ್ದು ಬೋನಸ್ಸಿಂದು ಮತ್ತೆ ತೋರಿಸಿ ಅಂದ್ರೆ ಹಿಂದೆ ಹಿಂದೆ ಒತ್ತುತ್ತಾ ಕೂರಬೇಡಿ, ಆ ಸ್ಲೈಡ್ ನಂಬರ್ ಒತ್ತಿ ಎಂಟರ್ ಹೊಡೀರಿ ನೇರ ಅಲ್ಲಿಗೇ ಹೋಗತ್ತೆ, ನಂಬರ್‌ಗಳನ್ನ ಒಂದು ಚೀಟೀಲಿ ಬರ್ಕೊಂಡಿರಿ. ಜನ ಜಗಳ ಶುರು ಮಾಡಿದಾಗ ಬಿ ಒತ್ತಿ, ಪರದೆ ಕಪ್ಪಾಗತ್ತೆ, ಮತ್ತೆ ಒತ್ತಿದ್ರೆ ವಾಪಸ್. ಇಂಗ್ಲಿಷ್ ಕೀಬೋರ್ಡಲ್ಲಿಟ್ಕೊಂಡು ಒತ್ತಿ ಅಷ್ಟೇ.

ಎರಡ್_ಹಸು_ಒಂದ್_ಕರ:

ಜಗಳ ಆದಾಗ ಪರದೆ ಕಪ್ಪು ಮಾಡಿದ್ರೆ ಲೆಕ್ಕ ಮುಚ್ಚಾಕ್ದ ಅಂತ ಇನ್ನೂ ಎರಡು ಜಗಳ ಜಾಸ್ತಿ ಆಗ್ತವೆ 😂 ಆ ಬಟನ್ನು ಮುಟ್ಟಲೇಬೇಡಿ ಅಣ್ಣ.

ಡೈರಿ_ಸೆಕ್ರೆಟ್ರಿ:

ಹೂಂ ಅಕ್ಕ, ಅದು ಬ್ಯಾಡವೇ ಬ್ಯಾಡ 😂 ಮಿನಿಮಮ್ 0 ಹಾಕ್ದೆ ಮೇಷ್ಟ್ರೇ, ಎರಡು ಕಂಬನೂ ಹತ್ತತ್ರ ಬಂದ್ವು, ಎದೆ ಹಗುರ ಆಯ್ತು. ಹಾಲು ಯಾಕೆ ಕಮ್ಮಿ ಆಯ್ತು ಅಂತ ಹೇಳೋಕೆ ಒಂದು ಮಾತು ರೆಡಿ ಮಾಡ್ಕೊಂಡಿದೀನಿ. ಭವನಕ್ಕೆ ಹೋಗಿ ನೋಡ್ಕೊಂಡೂ ಬಂದೆ, ವೇದಿಕೆ ಹಿಂದಿನ ಗೋಡೆಗೆ ಬಿಸಿಲು ಬೀಳ್ತದೆ, ಪಕ್ಕದ ಗೋಡೆ ನೆರಳಲ್ಲೈತೆ, ಅಲ್ಲಿಗೇ ಬಿಳೀ ಪಂಚೆ ಬಿಗಿದು ಕಟ್ಸಣ ಅಂತಿದೀನಿ. ಬಾಗ್ಲ ಹತ್ರ ನಿಂತು ನೋಡ್ದೆ, 36 ಅಕ್ಷರ ಕಾಣ್ತದೆ, ನೋಟಿನ ಪಟ್ಟೀಲಿರೋ ಸಣ್ಣ ತುಂಡಿನ ಅಂಕಿ ಕಾಣಲ್ಲ, ಅದನ್ನ ತುಂಡಿನ ಹೊರಗಡೆ ಬರೆದು ಗೆರೆ ಎಳೀತೀನಿ. ಕರೆಂಟ್ ಹೋದ್ರೆ ಏನ್ ಮಾಡೋದು ಅನ್ನೋದೊಂದು ಉಳೀತು.

ಸಿಸ್ಟಮ್_ಸರ್ವಿಸ್_ಮೈಸೂರು:

ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ಪ್ರೊಜೆಕ್ಟರ್‌ಗೆ ಇಲ್ಲ. ಡೈರಿ ಯುಪಿಎಸ್ ತಂದು ಕೊಟ್ರೂ ಅದರ ವ್ಯಾಟ್ ನೋಡ್ಕೊಳಿ, ಲ್ಯಾಂಪ್ ಇರೋ ಪ್ರೊಜೆಕ್ಟರ್ 200-300 ವ್ಯಾಟ್ ಎಳೆಯತ್ತೆ, ಸಣ್ಣ ಯುಪಿಎಸ್ ತಡ್ಕೊಳ್ಳಲ್ಲ. ಸುಲಭದ್ದು ಅಂದ್ರೆ ಆ ಎಂಟು ಸ್ಲೈಡೂ ಎ3 ಹಾಳೇಲಿ ಪ್ರಿಂಟ್ ತೆಗೆಸಿ ಜೊತೇಲಿಟ್ಕೊಳಿ. ಮುಗಿದ್ಮೇಲೆ ಪ್ರೊಜೆಕ್ಟರ್ ಆಫ್ ಬಟನ್ ಒತ್ತಿ ಒಳಗಿನ ಫ್ಯಾನ್ ನಿಲ್ಲೋವರೆಗೂ ಪ್ಲಗ್ ಕೀಳಬೇಡಿ, ಬಿಸಿ ಲ್ಯಾಂಪು ಹೋಗ್ಬಿಟ್ರೆ ಬಾಡಿಗೆಯೋನು ಡೆಪಾಸಿಟ್ ವಾಪಸ್ ಕೊಡಲ್ಲ.