ಗ್ರಂಥಾಲಯದ ಸಂಚಿಕೆಗಳು ಹುಡುಕಿದರೆ ಏಕೆ ಸಿಗುವುದಿಲ್ಲ?

ಕುಂಬಳೆಯ ಅಧ್ಯಾಪಿಕೆ: ನಮ್ಮ ಗ್ರಂಥಾಲಯದ ಹಳೆಯ ಸ್ಮರಣ ಸಂಚಿಕೆಯ ಕಡತವನ್ನು ಮೊನ್ನೆ ಮೊಬೈಲಿನಲ್ಲಿ ತೆರೆದೆ. ‘ಕಾಸರಗೋಡು’ ಎಂದಿರಬೇಕಾದಲ್ಲಿ ಇಂಗ್ಲಿಷ್ ಅಕ್ಷರಗಳು, ಅವುಗಳ ನೆತ್ತಿಯ ಮೇಲೆ ಗೆರೆ, ಚುಕ್ಕಿ. 1956ರಲ್ಲಿ ಕೇರಳಕ್ಕೆ ಸೇರಿದ ಮೇಲೆ ಕನ್ನಡವನ್ನು ಬರೆದು, ಅಚ್ಚು ಹಾಕಿಸಿ ಉಳಿಸಿಕೊಂಡವರು ನಾವು. ಅದರಲ್ಲಿ ಒಂದು ಲೇಖನವೂ ಗೂಗಲ್‌ಗೆ ಸಿಗುವುದಿಲ್ಲ ಎಂದರೆ ಹೊಟ್ಟೆ ಉರಿಯುತ್ತದೆ.

ಬದಿಯಡ್ಕದ ಡಿಟಿಪಿಯವ: ಟೀಚರೇ, ಕನ್ನಡ ಟೈಪಿಸುವ ನುಡಿ, ಬರಹ ತಂತ್ರಾಂಶಗಳು ಬಂದ ಕಾಲದಲ್ಲಿ ನಮಗೆ ಅವೇ ದೇವರು. ಆ ಫಾಂಟ್‌ಗಳಲ್ಲಿ ಕನ್ನಡದ ತುಂಡುಗಳು ಕುಳಿತಿರುವುದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ. ಫಾಂಟ್ ಇಲ್ಲದ ಕಡೆ ಒಳಗಿನ ಆ ಇಂಗ್ಲಿಷ್ ಅಕ್ಷರಗಳೇ ಹೊರಬೀಳುತ್ತವೆ, ಗೂಗಲ್ ಓದುವುದೂ ಅವನ್ನೇ. ಪುಟ ಜೋಡಿಸುವ ನನ್ನ ಪೇಜ್‌ಮೇಕರ್‌ನಲ್ಲಿ ಯುನಿಕೋಡ್ ಕನ್ನಡ, ಅಂದರೆ ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಕೇತವಿರುವ ಪದ್ಧತಿ, ನಡೆಯುವುದೇ ಇಲ್ಲ. ರಾತ್ರಿ ಬಂದು, ಬೆಳಿಗ್ಗೆಗೆ ಬ್ರಹ್ಮಕಲಶದ ಆಮಂತ್ರಣ ಬೇಕು ಎನ್ನುವವರಿಗೆ ಕೈ ಪಳಗಿದ್ದರಲ್ಲೇ ಮಾಡಿಕೊಡುತ್ತೇನೆ.

ಮುಳ್ಳೇರಿಯದ ಓದುಗ: ಹಳೆಯದನ್ನು ಯುನಿಕೋಡ್ ಮಾಡುವ ಪರಿವರ್ತಕಕ್ಕೆ ಹಾಕಿದರೆ ಮುಗಿಯಿತಲ್ಲ?

ಡಿಟಿಪಿಯವ: ಮುಗಿಯುವುದಿಲ್ಲ. ಅರ್ಕಾವತ್ತನ್ನೇ ನೋಡಿ. ‘ಧರ್ಮ’ದಲ್ಲಿ ಅದು ಕಾಣುವುದು ಮಕಾರ ಕಳೆದ ಮೇಲೆ, ಯುನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕ ಎಡವಿದರೆ ‘ಧಮರ್’ ಆಗುತ್ತದೆ. ಪ್ರತಿ ಪುಟವನ್ನೂ ಕೂತು ಓದಬೇಕು. ಅದಕ್ಕೆ ಜನ ಯಾರು?

ಹೊಸಂಗಡಿಯ ವಿದ್ಯಾರ್ಥಿ: ಕನ್ನಡಕ್ಕೆ ಇಷ್ಟಾದರೂ ಇದೆ. ನಾವು ಮನೆಯಲ್ಲಿ ಆಡುವುದು ತುಳು. ‘ಯಾನ್ ಬತ್ತೆ’, ‘ಆಯೆ ಬತ್ತೆ’: ನಾನು ಬಂದದ್ದಕ್ಕೂ ಅವನು ಬಂದದ್ದಕ್ಕೂ ಕೊನೆಯ ಸ್ವರ ಬೇರೆ, ಕನ್ನಡ ಲಿಪಿಯಲ್ಲಿ ಎರಡೂ ಒಂದೇ. 2024ರ ಸೆಪ್ಟೆಂಬರಿನಲ್ಲಿ ಯುನಿಕೋಡ್ 16.0ರಲ್ಲಿ ತುಳುವಿನ ಹಳೆಯ ಲಿಪಿ ತುಳು-ತಿಗಳಾರಿ ಸೇರಿತು. ಇನ್ನು ನಮ್ಮ ಲಿಪಿಯಲ್ಲೇ ಬರೆಯೋಣ.

ಅಧ್ಯಾಪಿಕೆ: ಸಂತೋಷವೇ ಮಗು, ತಾಳೆಗರಿಗಳಲ್ಲಿ ಉಳಿದದ್ದನ್ನು ಕಂಪ್ಯೂಟರಿಗೆ ತರಲು ಅದು ಬೇಕೇ ಬೇಕು. ಆದರೆ ಸಂಕೇತ ಸಿಕ್ಕಿದರೆ ಸಾಲದು, ಎಲ್ಲರ ಮೊಬೈಲಿನಲ್ಲೂ ಫಾಂಟ್, ಕೀಲಿಮಣೆ ಇರಬೇಕು. ನಿನ್ನ ಅಜ್ಜಿ ತುಳುವನ್ನು ಓದುವುದು ಕನ್ನಡ ಅಕ್ಷರದಲ್ಲಿ ತಾನೇ?

ವಿದ್ಯಾರ್ಥಿ: ಹೌದು ಟೀಚರ್. ಆದರೆ ಅಜ್ಜಿಗೆ ಗೊತ್ತಿಲ್ಲ ಎಂದು ನಾನೂ ಕಲಿಯದಿದ್ದರೆ ಆ ಲಿಪಿಯನ್ನು ಓದುವವರು ಯಾರು? ನಾನು ಕಲಿಯುತ್ತಿದ್ದೇನೆ. ಸಂಚಿಕೆ ತಿದ್ದುವುದಕ್ಕೆ ಜನ ಬೇಕಿದ್ದರೆ ಭಾನುವಾರ ನಾವು ನಾಲ್ವರು ಬರುತ್ತೇವೆ.

ಡಿಟಿಪಿಯವ: ಬನ್ನಿ. ಮೂಲ ಕಡತಗಳು ನನ್ನ ಹಳೆಯ ಕಂಪ್ಯೂಟರಿನಲ್ಲಿವೆ, ಅದು ಕೆಡುವ ಮೊದಲು ತೆಗೆಯಬೇಕು. ಅರ್ಕಾವತ್ತು ಇರುವ ಶಬ್ದಗಳನ್ನು ಮೊದಲು ನೋಡೋಣ.