ಮೀನಿನ ಹೋಟೆಲಿನಲ್ಲಿ ಬೆಲೆ ಬರೆಯದ ಪದಾರ್ಥ: ಗೆಳೆಯರ ಮುಂದೆ ದರ ಕೇಳುವುದು ಹೇಗೆ?

ಹಾಸನದವನು ಕೇಳಿದ್ದು:

ಈ ತಿಂಗಳ, ಅಂದರೆ ಜುಲೈನ ಎರಡನೇ ಶನಿವಾರ ನಾವು ಆರು ಮಂದಿ ಹಳೆಯ ಸಹಪಾಠಿಗಳು ಬೆಂಗಳೂರಿನ ಒಂದು ದುಬಾರಿ ಮೀನಿನ ಹೋಟೆಲಿಗೆ ಊಟಕ್ಕೆ ಹೋಗಿದ್ದೆವು. ಹೋಟೆಲಿನ ಹೆಸರು ಇಲ್ಲಿ ಬೇಡ. ಅಡುಗೆಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಜಾಗವನ್ನು ಆರಿಸಿದವನು ನಾನೇ ಆದ್ದರಿಂದ ಆ ರಾತ್ರಿ ನಡೆದದ್ದರಲ್ಲಿ ಅರ್ಧ ತಪ್ಪು ನನ್ನದೂ ಹೌದು ಎಂಬ ಅಳುಕಿನಿಂದಲೇ ಈ ಪ್ರಶ್ನೆ ಕೇಳುತ್ತಿದ್ದೇನೆ.

ನಾನು ಕೆರೆಯ ಕಾಟ್ಲಾ, ರೋಹು ತಿಂದು ಬೆಳೆದವನು. ಸಮುದ್ರದ ಮೀನಿನ ಹೆಸರುಗಳಲ್ಲಿ ಅರ್ಧ ನನಗೆ ಹೊಸವು. ಮೆನುವಿನಲ್ಲಿ ಮಾಂಜಿ (ಪಾಂಫ್ರೆಟ್ ಮೀನು) ಮತ್ತು ಏಡಿಯ ಎದುರು ಬೆಲೆ ಇರಬೇಕಾದ ಜಾಗದಲ್ಲಿ ‘ಎ.ಪಿ.ಎಸ್.’ ಎಂಬ ಮೂರು ಅಕ್ಷರಗಳಷ್ಟೇ ಇದ್ದವು. ‘ಆ್ಯಸ್ ಪರ್ ಸೈಜ್’, ಅಂದರೆ ಗಾತ್ರಕ್ಕೆ ತಕ್ಕ ಬೆಲೆ ಎಂದು ಅದರ ಅರ್ಥವೆಂಬುದು ನನಗೆ ತಿಳಿದದ್ದು ಮರುದಿನ. ಬಡಿಸುವವರು ಒಂದು ದೊಡ್ಡ ತಟ್ಟೆಯನ್ನು ಮೇಜಿನ ಬಳಿಗೇ ಹೊತ್ತು ತಂದರು. ಪುಡಿ ಮಂಜುಗಡ್ಡೆಯ ಮೇಲೆ ಬಾಳೆಲೆ, ಎಲೆಯ ಮೇಲೆ ಅಂಗೈಗಿಂತ ಅಗಲವಾದ ಎರಡು ಮಾಂಜಿ, ಪಕ್ಕದಲ್ಲಿ ಮುಂಗಾಲುಗಳನ್ನು ಹುರಿಯಿಂದ ಬಿಗಿದ ಎರಡು ಏಡಿ. ಒಂದು ಏಡಿಯ ಬಾಯಲ್ಲಿ ಇನ್ನೂ ನೊರೆ ಬರುತ್ತಿತ್ತು. ಮಾಂಜಿಗೆ ಎಷ್ಟು ಎಂದು ಕೇಳಿದೆ. “ಮುನ್ನೂರೈವತ್ತು ಸರ್” ಎಂದರು. ಇಷ್ಟು ದೊಡ್ಡ ಮೀನಿಗೆ ಅದೇನೂ ಹೆಚ್ಚಲ್ಲ ಎಂದುಕೊಂಡು ಎರಡನ್ನೂ ತನ್ನಿ ಎಂದೆ. ಏಡಿಗೆ ಇನ್ನೂರೆಂಬತ್ತು ಎಂದಾಗಂತೂ ಯೋಚಿಸಲೇ ಇಲ್ಲ.

ಆ ಬೆಲೆ ನೂರು ಗ್ರಾಮಿನದು. ಮಾಂಜಿ ಎರಡೂ ಸೇರಿ 1,300 ಗ್ರಾಂ, ಅಂದರೆ 4,550 ರೂಪಾಯಿ. ಏಡಿ 1,700 ಗ್ರಾಂ, 4,760 ರೂಪಾಯಿ. ಸಿಗಡಿ ಘೀ ರೋಸ್ಟ್, ಮರುವಾಯಿ ಸುಕ್ಕ, ನೀರುದೋಸೆ ಮುಂತಾದ ಉಳಿದದ್ದೆಲ್ಲ 3,890. ಅದರ ಮೇಲೆ ಶೇಕಡಾ 10 ಸೇವಾ ಶುಲ್ಕ, ಆ ಮೊತ್ತದ ಮೇಲೆ ಶೇಕಡಾ 5 ಜಿಎಸ್‌ಟಿ, ಕೊನೆಗೆ 15,246. ಆರರಿಂದ ಭಾಗಿಸಿ ತಲಾ 2,541 ಕೊಟ್ಟೆವು. ನಮ್ಮಲ್ಲಿ ಒಬ್ಬ ಸಸ್ಯಾಹಾರಿ. ನೀರುದೋಸೆ ಮತ್ತು ಅಣಬೆ ಸುಕ್ಕ ಬಿಟ್ಟರೆ ಅವನು ಏನನ್ನೂ ಮುಟ್ಟಿರಲಿಲ್ಲ. ಅವನೂ ಒಂದು ಮಾತನಾಡದೆ ಫೋನ್ ತೆಗೆದು ಅಷ್ಟನ್ನೇ ಕಳಿಸಿದ. ಆ ಮೌನ ನನ್ನನ್ನು ಇನ್ನೂ ಕಾಡುತ್ತಿದೆ.

ಇಂಥ ಕಡೆ ಜಿಪುಣನಂತೆ ಕಾಣದೆ ಬೆಲೆಯನ್ನು ಸರಿಯಾಗಿ ಕೇಳುವ ಕ್ರಮ ಯಾವುದು? ಇನ್ನೊಂದು ಸಂದೇಹವೂ ಇದೆ. ಮೀನು ಅಂದೇ ಬೆಳಿಗ್ಗೆ ಮಲ್ಪೆಯಿಂದ ಬಂದದ್ದು ಎಂದು ಹೇಳಿದರು. ಅದನ್ನು ನಂಬಬಹುದೇ?

ದಕ್ಕೆಯ ದಾರಿ ಉತ್ತರಿಸಿದ್ದು:

ನಾನು ಮಂಗಳೂರಿನವನು; ಒಂಬತ್ತು ವರ್ಷ ಇಂಥ ಹೋಟೆಲುಗಳಲ್ಲಿ ಆರ್ಡರ್ ಬರೆದುಕೊಂಡವನು. ಮೆನುವಿನಲ್ಲಿ ಬೆಲೆ ಇಲ್ಲ ಎಂದ ಮಾತ್ರಕ್ಕೆ ಅದು ಮೋಸವಲ್ಲ. ಬಂದರಿನ ಏಲಂನಲ್ಲಿ ಮಾಂಜಿಯ ದರ ನಿನ್ನೆ ಇದ್ದಂತೆ ಇಂದು ಇರುವುದಿಲ್ಲ. ಮೀನಿನ ಗಾತ್ರವೂ ಒಂದೇ ಸಮ ಇರುವುದಿಲ್ಲ. ದೊಡ್ಡ ಮೀನಿಗೆ ಕಿಲೋ ಲೆಕ್ಕದಲ್ಲೂ ಹೆಚ್ಚು ಬೆಲೆ. ಆದ್ದರಿಂದ ತೂಕದ ಮೇಲೆ ಮಾರುವುದು ನ್ಯಾಯವೇ. ನ್ಯಾಯವಲ್ಲದ್ದು ‘ನೂರು ಗ್ರಾಮಿಗೆ’ ಎಂಬ ಎರಡು ಪದಗಳನ್ನು ನುಂಗಿಕೊಂಡು ಸಂಖ್ಯೆಯನ್ನಷ್ಟೇ ಹೇಳುವುದು. ಗ್ರಾಹಕರಿಗೆ ಗೊತ್ತಿರುತ್ತದೆ ಎಂದುಕೊಂಡು ನಾನೂ ಹಾಗೆ ಎಷ್ಟೋ ಸಲ ಹೇಳಿದ್ದೇನೆ. ಎಲ್ಲ ಸಲವೂ ಅಷ್ಟು ಮುಗ್ಧವಾಗಿ ಹೇಳಿದ್ದೆ ಎಂದು ಈಗ ಪ್ರಮಾಣ ಮಾಡಲಾರೆ.

ನೀವು ಕೇಳಬೇಕಾದದ್ದು ದರವನ್ನಲ್ಲ. “ಈ ಎರಡು ಮೀನನ್ನು ತೂಗಿ, ಒಟ್ಟು ಎಷ್ಟಾಗುತ್ತದೆಂದು ಚೀಟಿಯಲ್ಲಿ ಬರೆದು ತನ್ನಿ, ನೋಡಿ ಹೇಳುತ್ತೇವೆ” ಎನ್ನಿ. ಒಳ್ಳೆಯ ಹೋಟೆಲಿನಲ್ಲಿ ಇದಕ್ಕೆ ಯಾರೂ ಮುಖ ಸಿಂಡರಿಸುವುದಿಲ್ಲ. ಕರಾವಳಿಯ ಗಿರಾಕಿಗಳು ಕೇಳುವುದೇ ಹೀಗೆ. ತೂಕ ಇಡಿಯ ಹಸಿ ಮೀನಿನದು ಎಂಬುದೂ ನೆನಪಿರಲಿ. ಕರುಳು, ಕಿವಿರು, ರೆಕ್ಕೆ ಎಲ್ಲ ಹೋದ ಮೇಲೆ ತಟ್ಟೆಗೆ ಬರುವುದು ಅದಕ್ಕಿಂತ ಕಡಿಮೆ. ಏಡಿಯಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು, ಏಕೆಂದರೆ ನೀವು ಹಣ ಕೊಡುವುದು ಬಹುಪಾಲು ಚಿಪ್ಪಿಗೆ. ಹೊಸದಾಗಿ ಪೊರೆ ಬಿಟ್ಟ ಏಡಿಯಾದರೆ ಚಿಪ್ಪಿನೊಳಗೆ ಮಾಂಸಕ್ಕಿಂತ ನೀರೇ ಹೆಚ್ಚು. ಅದರ ಹೊಟ್ಟೆಯ ಪಕ್ಕ, ಕಾಲು ಸೇರುವ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಮೆತ್ತಗೆ ಒಳಗೆ ಹೋದರೆ ಬೇಡವೆನ್ನಿ. ಕೈಯಲ್ಲಿ ಹಿಡಿದಾಗ ಗಾತ್ರಕ್ಕೆ ತಕ್ಕ ಭಾರ ಇರಬೇಕು. ಇನ್ನು ಬಿಳಿ ಮಾಂಜಿಯೋ ಕಪ್ಪು ಮಾಂಜಿಯೋ ಎಂದು ಕೇಳುವುದನ್ನು ಮರೆಯಬೇಡಿ. ಎರಡರ ಬೆಲೆಗೆ ಬಹಳ ಅಂತರವಿದೆ.

ಮಲ್ಪೆಯ ಮಾತಿಗೆ ಬಂದರೆ, ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ನಾಡದೋಣಿಗಳು ಹೋಗುತ್ತವೆ, ಆದರೆ ಮಳೆಗಾಲದ ಕಡಲಿನಲ್ಲಿ ಅವು ತರುವುದು ಸ್ವಲ್ಪ. ಪೂರ್ವ ಕರಾವಳಿಯಲ್ಲಿ ನಿಷೇಧ ಜೂನ್ 14ಕ್ಕೇ ಮುಗಿಯುವುದರಿಂದ ಜುಲೈಯಲ್ಲಿ ಬೆಂಗಳೂರಿಗೆ ಆ ಕಡೆಯ ಮೀನು ಬರುತ್ತದೆ, ಜೊತೆಗೆ ಶೀತಲಗೃಹದ್ದೂ ಇರುತ್ತದೆ. ಅದೆಲ್ಲ ಕೆಟ್ಟ ಮೀನೇನಲ್ಲ. ಆದರೆ ಒಂದೂವರೆ ಅಂಗೈ ಅಗಲದ ಮಾಂಜಿ ಜುಲೈ ಮಧ್ಯದಲ್ಲಿ ಅಂದೇ ಬೆಳಿಗ್ಗೆ ಮಲ್ಪೆಯಿಂದ ಬಂದಿತೆಂದರೆ ನಾನಂತೂ ಕಿವಿರು ಎತ್ತಿ ತೋರಿಸಿ ಎನ್ನುತ್ತಿದ್ದೆ. ಕೆಂಪಗಿದ್ದು, ಕಣ್ಣು ಉಬ್ಬಿ ತಿಳಿಯಾಗಿದ್ದು, ಬೆರಳಿನಿಂದ ಒತ್ತಿದ ಗುಳಿ ತಕ್ಷಣ ಮೇಲೆದ್ದರೆ ಮೀನು ಎಲ್ಲಿಂದ ಬಂದಿದ್ದರೂ ಸರಿ.

ಲೆಕ್ಕಿಗ ಉತ್ತರಿಸಿದ್ದು:

ಮೀನಿನ ವಿಷಯ ನನಗೆ ತಿಳಿಯದು, ಬಿಲ್ಲಿನ ವಿಷಯ ತಿಳಿದಿದೆ. ನೀವು ಕೊಟ್ಟ ಸೇವಾ ಶುಲ್ಕ 1,320 ರೂಪಾಯಿ, ಅದರ ಮೇಲಿನ ತೆರಿಗೆ 66. ಒಟ್ಟು 1,386 ರೂಪಾಯಿಯನ್ನು ನೀವು ಕೊಡಲೇಬೇಕೆಂದಿರಲಿಲ್ಲ. ಹೋಟೆಲುಗಳು ಸೇವಾ ಶುಲ್ಕವನ್ನು ಬಿಲ್ಲಿಗೆ ತಾವಾಗಿಯೇ ಸೇರಿಸಬಾರದು, ಬೇರೆ ಹೆಸರಿನಲ್ಲೂ ವಸೂಲು ಮಾಡಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲು ಸಂಘಗಳು ಅದನ್ನು ಪ್ರಶ್ನಿಸಿದಾಗ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ 2025ರ ಮಾರ್ಚ್ 28ರಂದು ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ತೆಗೆಯಿರಿ ಎಂದು ಹೇಳಿ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಶೇಕಡಾ 5 ಜಿಎಸ್‌ಟಿ ಮಾತ್ರ ಸರಿಯಾಗಿದೆ.

ಹಂಚಿಕೆಯ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತವಾಗಿದೆ. ಆರು ಜನರಲ್ಲಿ ಒಬ್ಬ ಸಸ್ಯಾಹಾರಿಯೋ, ಕುಡಿಯದವನೋ ಇದ್ದಾನೆಂದರೆ ಸಮಪಾಲು ಎಂಬುದು ಸಮಪಾಲಲ್ಲ. ಅದನ್ನು ಅವನು ಬಾಯಿಬಿಟ್ಟು ಹೇಳಲಾರ, ಕರೆದವನು ಹೇಳಬೇಕು.

ಕುಂದಾಪುರ ಕಡೆಯವಳು ಉತ್ತರಿಸಿದ್ದು:

ಲೆಕ್ಕಿಗರ ಕಾನೂನು ಸರಿ. ಆದರೆ ಸೇವಾ ಶುಲ್ಕ ತೆಗೆಸಿದ ಬಳಿಕ, ಏಡಿಯ ಕಾಲು ಒಡೆದು ಕೊಟ್ಟು ಮೂರು ಸಲ ಬೆರಳು ತೊಳೆಯಲು ನಿಂಬೆಹಣ್ಣಿನ ಬಿಸಿನೀರು ತಂದಿಟ್ಟ ಹುಡುಗನ ಕೈಗೆ ನೇರವಾಗಿ ಏನಾದರೂ ಕೊಟ್ಟು ಬನ್ನಿ.

ನನ್ನ ತಕರಾರು ಬೇರೆಯದು. ಇಂಥ ಹೋಟೆಲಿಗೆ ಹೋದವರೆಲ್ಲ ಮಾಂಜಿ, ಅಂಜಲ್, ಏಡಿ ಎಂದು ದುಬಾರಿಯದನ್ನೇ ಯಾಕೆ ಹುಡುಕುತ್ತಾರೆ? ಬಂಗುಡೆ ಪುಳಿಮುಂಚಿ, ಬೂತಾಯಿ ಗಸಿ, ಕಾಣೆ ರವಾ ಫ್ರೈಗಳಿಗೆ ಸಾಮಾನ್ಯವಾಗಿ ಮೆನುವಿನಲ್ಲೇ ಬೆಲೆ ಇರುತ್ತದೆ. ಅಡುಗೆಯವನ ಕೈ ಹೇಗಿದೆ ಎಂಬುದು ಗೊತ್ತಾಗುವುದೂ ಅವುಗಳಲ್ಲೇ. ಬ್ಯಾಡಗಿ ಮೆಣಸು ಹದವಾಗಿ ಹುರಿದಿದೆಯೇ, ಹುಳಿ ಮುಂದಾಗಿದೆಯೇ ಎಂಬುದನ್ನು ಬಂಗುಡೆ ಮುಚ್ಚಿಡುವುದಿಲ್ಲ, ಏಕೆಂದರೆ ಅದಕ್ಕೆ ತನ್ನದೇ ಜೋರು ರುಚಿಯಿದೆ. ಮಾಂಜಿಗೆ ಬೆಣ್ಣೆ, ಬೆಳ್ಳುಳ್ಳಿ ಸುರಿದರೆ ಯಾರು ಮಾಡಿದರೂ ಚೆನ್ನಾಗಿರುತ್ತದೆ. ಆರು ಜನರ ಮೇಜಿಗೆ ಒಂದು ದೊಡ್ಡ ಮೀನು ಸಾಕು, ಉಳಿದದ್ದು ಬೆಲೆ ಬರೆದಿರುವ ಪದಾರ್ಥವಿರಲಿ. ಹೇಗೂ ಹೋಗುವುದಾದರೆ ಆಗಸ್ಟ್ ನಡುವೆ ಹೋಗಿ, ದೋಣಿಗಳು ಇಳಿದಿರುತ್ತವೆ.

ನಿಮ್ಮ ಸಸ್ಯಾಹಾರಿ ಗೆಳೆಯರ ಪರವಾಗಿ ಒಂದು ಮಾತು. ಅಣಬೆ ಸುಕ್ಕ ಮಾಡುವ ಕಾವಲಿ ಬೇರೆಯೇ ಎಂದು ಮೊದಲೇ ಕೇಳಿ ನೋಡಿ. ನನ್ನ ಅತ್ತಿಗೆಗೆ ಸಿಗಡಿಯ ಅಲರ್ಜಿ ಇದೆ. ಸಿಗಡಿ ಹುರಿದ ಕಾವಲಿಯಲ್ಲೇ ಹುರಿದ ಮೀನು ತಿಂದು ಒಮ್ಮೆ ಅವಳ ತುಟಿ ಊದಿಕೊಂಡಿತ್ತು.

ಹಾಸನದವನು ಮತ್ತೆ ಬರೆದದ್ದು:

ಮೂವರಿಗೂ ವಂದನೆಗಳು. ಬಿಲ್ಲಿನ ಚಿತ್ರ ತೆಗೆದು ನೋಡಿದೆ. ಗೆಳೆಯ ತಿಂದದ್ದು 520 ರೂಪಾಯಿಯದು, ಸೇವಾ ಶುಲ್ಕ, ತೆರಿಗೆ ಸೇರಿ ಸುಮಾರು 600. ಉಳಿದ 1,940 ರೂಪಾಯಿಯನ್ನು ನಿನ್ನೆ ರಾತ್ರಿ ಅವನಿಗೆ ಕಳಿಸಿದೆ. ಹತ್ತು ನಿಮಿಷದಲ್ಲಿ ಅದೇ ಮೊತ್ತ ವಾಪಸು ಬಂತು, ಹಿಂದೆಯೇ ಕರೆಯೂ ಬಂತು. ಮೀನಿನ ದುಡ್ಡಿಗಿಂತ, ಏಡಿ ಒಡೆಯುವ ಗದ್ದಲದಲ್ಲಿ ಮುಕ್ಕಾಲು ಗಂಟೆ ಯಾರೂ ತನ್ನ ಜೊತೆ ಮಾತೇ ಆಡಲಿಲ್ಲವೆಂಬುದು ಅವನ ಬೇಸರವಂತೆ. ಆಗಸ್ಟ್ ಮೂರನೇ ಶನಿವಾರ ಮತ್ತೆ ಹೋಗುವುದೆಂದು ನಿಶ್ಚಯವಾಗಿದೆ. ತೂಕ ಕೇಳುವುದನ್ನೂ ಚೀಟಿ ಬರೆಸುವುದನ್ನೂ ತನಗೇ ಬಿಡಬೇಕೆಂದು ಹೇಳಿದ್ದಾನೆ. ತಿನ್ನುವ ಆಸೆ ಇಲ್ಲದವನಾದ್ದರಿಂದ ತಾನು ಬೇಡ ಎನ್ನುವುದು ಸುಲಭವಂತೆ.